ನಮ್ಮ ಪಡಸಾಲೆಯ ಕೋರ್ಟು

ಕೊಟ್ಟೂರಿನ ನಮ್ಮ ಮನೆಯಲ್ಲಿ ಮಕ್ಕಳಿಗೆ ಯಾರೂ ಯಾವತ್ತೂ ಹೊಡೆದದ್ದಿಲ್ಲ. ಇದನ್ನು ಹೇಳಿದರೆ ಈಗಲೂ ಜನ 'ಪುಣ್ಯವಂತರು ಬಿಡ್ರಿ' ಅನ್ನುತ್ತಾರೆ. ನಮ್ಮ ಓಣಿಯ ಹುಡುಗರೆಲ್ಲ ಬಾರಕೋಲು, ಬೆಲ್ಟು, ಚಪ್ಪಲಿ, ಒಲೆಯ ಊದುಗೊಳವಿ, ಹೀಗೆ ದೊಡ್ಡವರ ಕೈಗೆ ಏನು ಸಿಕ್ಕಿತೋ ಅದರಲ್ಲಿ ಹೊಡೆಸಿಕೊಂಡು ಬೆಳೆದರು. ನಾನು ಮತ್ತು ನನ್ನ ಅಣ್ಣ ಮಹಾಂತೇಶ ಮಾತ್ರ ಮೈಮೇಲೆ ಒಂದು ಬಾಸುಂಡೆ ಇಲ್ಲದೆ ದೊಡ್ಡವರಾದೆವು. ಅಪ್ಪ ಹೈಸ್ಕೂಲಿನಲ್ಲಿ ಹಿಂದಿ ಮೇಷ್ಟ್ರು, ಅದಕ್ಕಿಂತ ಹೆಚ್ಚಾಗಿ ಸ್ಕೌಟ್ ಮಾಸ್ಟರು. ಹುಡುಗರ ಮೇಲೆ ಕೈ ಎತ್ತಿದವನು ಸ್ಕೌಟೇ ಅಲ್ಲ ಎಂಬುದು ಅವನು ಹೇಳಿಕೊಡುತ್ತಿದ್ದ ಮೊದಲ ಪಾಠ. ಊರಿನಲ್ಲಿ ಅವನಿಗೆ ಬಂದ ಮರ್ಯಾದೆಯೆಲ್ಲ ಆ ಒಂದು ಪಾಠದಿಂದ ಬಂದದ್ದು. ನಮ್ಮ ಮನೆ ಹಾಳಾದದ್ದೂ ಅದರಿಂದಲೇ. ಹೊಡೆತದಷ್ಟು ಸಲೀಸಾದ ಶಿಕ್ಷೆ ಇನ್ನೊಂದಿಲ್ಲ, ಹೊಡೆಯುವವನ ಕೈ ಸೋತಲ್ಲಿಗೆ ಅದು ಮುಗಿಯುತ್ತದೆ ಅಂತ ನಾನು ಈ ವಯಸ್ಸಿನಲ್ಲೂ ನಂಬಿದ್ದೇನೆ. ಯಾರು ಬೈದರೂ ಬೈಯಲಿ.

ಮನೆ ಮಣ್ಣಿನ ಮಾಳಿಗೆಯದು. ಬಾಗಿಲು ದಾಟಿದರೆ ಪಡಸಾಲೆ, ಅದರಾಚೆ ನಡುಮನೆ, ಬಲಕ್ಕೆ ದೇವರ ಜಗುಲಿ, ಹಿಂದೆ ಅಡುಗೆಮನೆ, ಹಿತ್ತಲು. ಇದರಲ್ಲಿ ಪಡಸಾಲೆ ನಮ್ಮದಾಗಿರಲಿಲ್ಲ. ಅಲ್ಲಿ ಡೇರೆಯ ಬಟ್ಟೆ, ಬಿದಿರಿನ ಕೋಲು, ಹಗ್ಗದ ಸಿಂಬಿ, ಚರ್ಮ ಸಡಿಲಾದ ಒಂದು ಡ್ರಮ್ಮು ತುಂಬಿಕೊಂಡಿದ್ದವು. ಜೋಳದ ಚೀಲ ಒಟ್ಟಬೇಕಾದ ಮೂಲೆಯಲ್ಲಿ ಕ್ಯಾಂಪಿನ ಮಸಿ ಹಿಡಿದ ಪಾತ್ರೆಗಳು ಕೂತಿದ್ದರಿಂದ ಚೀಲಗಳು ದೇವರ ಜಗುಲಿಗೆ ಆತುಕೊಂಡಿದ್ದವು. ಇಲಿಗಳು ಪಕ್ಷಪಾತವಿಲ್ಲದೆ ಚೀಲಕ್ಕೂ ಡೇರೆಗೂ ತೂತು ಹಾಕುತ್ತಿದ್ದವು. ಊಟಕ್ಕೆ ಅಪ್ಪ ಸೀಟಿ ಊದುತ್ತಿದ್ದ. ಸೀಟಿಗೆ ಬಂದು ನಿಂತು, ಕೈ ಮುಂದೆ ಚಾಚಿ, ಉಗುರು ತೋರಿಸಿ, ಅವನು ತಲೆಯಾಡಿಸಿದ ಮೇಲೆ ರೊಟ್ಟಿ. ಬಟ್ಟೆ ಒಣಗಿಸುವ ಹಗ್ಗಕ್ಕೆ ಒಂದು ಗಂಟು, ಆಕಳು ಕಟ್ಟುವ ಹಗ್ಗಕ್ಕೆ ಇನ್ನೊಂದು ಗಂಟು. ಅವ್ವ ತನಗೆ ತಿಳಿದ ಹಾಗೆ ಕಟ್ಟಿದ್ದನ್ನು ಬಿಚ್ಚಿ ಅವನು ಮತ್ತೆ ಕಟ್ಟುತ್ತಿದ್ದ. ಅವ್ವ ಇಟ್ಟಿಗಿ ಊರಿನವಳು, ಬಾಯಿ ಜೋರು. ಅಪ್ಪ ಸ್ಕೌಟ್ ಪದ್ಧತಿಯಂತೆ ಶಿಷ್ಯರಿಗೆ ಎಡಗೈ ಕೊಟ್ಟು ಕೈ ಕುಲುಕುವುದನ್ನು ಮೊದಲ ಸಲ ನೋಡಿದ ದಿನ ಅವಳು 'ಇನ್ನ ಊಟಾನೂ ಅದ್ರಾಗ ಮಾಡ್ರಿ' ಅಂದವಳೇ ಅಡುಗೆಮನೆಗೆ ಹೋಗಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಿದ್ದಳಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಆ ನಗೆ ಹೋಗಿತ್ತು. ಜಗುಲಿಯ ಪಕ್ಕದ ಚೀಲ ಸರಿಸುವಾಗೊಮ್ಮೆ ಹೇಳುತ್ತಿದ್ದ ಮಾತು ಮಾತ್ರ ಉಳಿದಿತ್ತು:

"ಊರಿಗೆ ಉಪಕಾರಿ, ಮನಿಗೆ ಮಾರಿ ಅಂತಾರಲ್ಲ, ನಿಮ್ಮಪ್ಪನ್ನ ನೋಡೇ ಹೇಳ್ಯಾರ ಅದನ್ನ."

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಪಡಸಾಲೆಯಲ್ಲಿ ಕೋರ್ಟು ಕೂಡುತ್ತಿತ್ತು. ಸ್ಕೌಟ್ ಪುಸ್ತಕದಲ್ಲಿ ಅದಕ್ಕೆ ಕೋರ್ಟ್ ಆಫ್ ಆನರ್ ಅಂತ ದೊಡ್ಡ ಹೆಸರು, ನಮ್ಮ ಓಣಿಯಲ್ಲಿ ಬರೀ ಕೋರ್ಟು. ಹುಡುಗರನ್ನು ಹುಲಿ ದಳ, ನವಿಲು ದಳ ಅಂತ ಗುಂಪು ಮಾಡಿ ಒಂದೊಂದಕ್ಕೆ ಒಬ್ಬ ದಳನಾಯಕನನ್ನು ಇಟ್ಟಿದ್ದರು. ಆ ದಳನಾಯಕರೇ ನ್ಯಾಯಾಧೀಶರು. ಜಮಖಾನ ಹಾಸಿಕೊಂಡು ಅರ್ಧಚಂದ್ರದ ಹಾಗೆ ಕೂರುವರು. ಬೀಡಿ ಸೇದಿದವನು, ಕ್ಯಾಂಪಿನ ಬೆಲ್ಲ ಕದ್ದವನು, ಪ್ರಾರ್ಥನೆಯಲ್ಲಿ ನಕ್ಕವನು, ಯಾರೇ ಆಗಲಿ, ಅವರ ಮುಂದೆ ನಿಂತು ಕುತ್ತಿಗೆಯ ಸ್ಕಾರ್ಫು ತೆಗೆದು ಬಾಗಿಲ ಪಕ್ಕದ ಗೂಟಕ್ಕೆ ಹಾಕಬೇಕು. ಆಮೇಲೆ ಪ್ರಶ್ನೆ, ಉತ್ತರ, ಸಾಕ್ಷಿ. ತಪ್ಪು ಸಾಬೀತಾದರೆ ಸ್ಕಾರ್ಫು ಗೂಟದಲ್ಲೇ ಉಳಿಯುತ್ತಿತ್ತು. ಅಪ್ಪ ಕಂಬಕ್ಕೆ ಒರಗಿಸಿದ ಕುರ್ಚಿಯಲ್ಲಿ ಕೂತಿರುತ್ತಿದ್ದ. ಕೋರ್ಟು ಶುರುವಾದ ಮೇಲೆ ಸರ್ ಬಾಯಿ ತೆರೆಯುವಂತಿಲ್ಲ ಎಂಬುದು ಅವನೇ ಮಾಡಿದ ಕಾನೂನು. ಹುಡುಗರ ತಪ್ಪನ್ನು ಹುಡುಗರೇ ತೂಗಬೇಕು, ದೊಡ್ಡವನ ನೆರಳು ಅದರ ಮೇಲೆ ಬೀಳಬಾರದು. ಎಲ್ಲ ಮುಗಿದ ಮೇಲೆ ಅವನು 'ಆಯ್ತು' ಅನ್ನುತ್ತಿದ್ದ, ಅಷ್ಟೇ. ಆಗ ಒಳಗಿಂದ ಅವ್ವನ ಮಂಡಕ್ಕಿ ಒಗ್ಗರಣೆ, ಮಿರ್ಚಿ ಬರುತ್ತಿತ್ತು. ಸ್ಕಾರ್ಫ್ ಕಳೆದುಕೊಂಡವನಿಗೆ ಒಗ್ಗರಣೆ ಇಲ್ಲ. ತಟ್ಟೆಗಳನ್ನು ನ್ಯಾಯಾಧೀಶರಿಗೆ ಹಂಚುವವನು ಅವನೇ, ಅವರು ತಿಂದ ಮೇಲೆ ಹಿತ್ತಲಲ್ಲಿ ಕೂತು ತೊಳೆಯುವವನೂ ಅವನೇ. ಎಷ್ಟೋ ಹುಡುಗರು ತಟ್ಟೆ ತೊಳೆಯುತ್ತಾ 'ಅಮ್ಮಾರ, ಸರ್‌ಗೆ ನಾಕು ಹೊಡದು ಬಿಟ್ಬಿಡ್ರಿ ಅಂತ ಹೇಳ್ರಿ' ಅಂತ ಅವ್ವನ ಹತ್ತಿರ ಅತ್ತದ್ದನ್ನು ನಾನು ಕಂಡಿದ್ದೇನೆ. ಅವ್ವ ಕದ್ದು ಅವರ ಬಾಯಿಗೆ ಒಂದೊಂದು ಮಿರ್ಚಿ ತುರುಕುತ್ತಿದ್ದಳು. ಹಗರಿಬೊಮ್ಮನಹಳ್ಳಿಯಿಂದ, ಕೂಡ್ಲಿಗಿಯಿಂದ ಮೇಷ್ಟ್ರುಗಳು ಬಂದು ಈ ಕೋರ್ಟನ್ನು ನೋಡಿ ತಲೆದೂಗಿ ಹೋಗುತ್ತಿದ್ದರು.

ಮನೆಯೊಳಗೂ ಅದೇ ಪದ್ಧತಿ. ನಾನು ತಪ್ಪು ಮಾಡಿದರೆ ಅಣ್ಣ ನ್ಯಾಯಾಧೀಶ, ಅಣ್ಣ ಮಾಡಿದರೆ ನಾನು. ಒಮ್ಮೆ ನಾನು ಅಪ್ಪನ ಸೀಟಿಯನ್ನು ಆಟಕ್ಕೆ ಒಯ್ದು ಬೋರಿಂಗ್ ಹತ್ತಿರದ ಕೆಸರಲ್ಲಿ ಬೀಳಿಸಿದ್ದೆ. ಅಣ್ಣ ಗಂಭೀರವಾಗಿ ಕೂತು, ಅಕಿ ಇವತ್ತು ನನ್ನ ಅಂಗಿ ಒಗೀಲಿ ಅಂತ ತೀರ್ಪು ಕೊಟ್ಟ. ನಾನು ಅಳುತ್ತ ಹಿತ್ತಲಿಗೆ ಹೋದರೆ ಹಿಂದಿಂದಲೇ ಬಂದು, ನನ್ನನ್ನು ಕಲ್ಲಿನ ಮೇಲೆ ಕೂರಿಸಿ, ಅಂಗಿಯನ್ನು ತಾನೇ ಒಗೆದುಕೊಂಡ. ಅಪ್ಪನಿಗೆ ಅದು ಕಂಡುಹೋಯಿತು.

"ತೀರ್ಪು ಕೊಟ್ಟವ ಕರಗಬಾರದು," ಅಂದ ಅಪ್ಪ.

"ತೀರ್ಪು ಕೊಟ್ಟಿದ್ದು ಅಕಿಗೆ ಬುದ್ಧಿ ಬರ್ಲಿ ಅಂತ. ಅಳೂದ್ರಾಗ ಬಂತಲ್ಲ," ಅಂದ ಅಣ್ಣ.

ಅಪ್ಪ ಅವನನ್ನು ಬಹಳ ಹೊತ್ತು ನೋಡಿದ. ಸಿಟ್ಟಿನಿಂದಲ್ಲ, ಅನುಮಾನದಿಂದ. ಅಣ್ಣ ಹುಲಿ ದಳದ ನಾಯಕ, ಗಂಟು ಹಾಕುವುದರಲ್ಲಿ, ಕಟ್ಟಿಗೆ ಇಲ್ಲದ ಕಡೆ ಒಲೆ ಹೂಡುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಆ ವರ್ಷ ಅವನು ಸ್ಕೌಟಿನ ರಾಜ್ಯ ಪುರಸ್ಕಾರದ ಪರೀಕ್ಷೆಗೆ ಹೋಗುವವನಿದ್ದ. ಅದಕ್ಕಾಗಿ ಎಷ್ಟು ದಿನದಿಂದ ತಯಾರಾಗುತ್ತಿದ್ದನೋ, ನಿದ್ದೆಯಲ್ಲೂ ಬೆರಳುಗಳು ಹಗ್ಗ ಸುತ್ತುವ ಹಾಗೆ ಆಡುತ್ತಿದ್ದವು. ನನಗೆ ಅವನಷ್ಟು ದೊಡ್ಡ ಮನುಷ್ಯ ಊರಲ್ಲೇ ಇರಲಿಲ್ಲ.

ಚಳಿಗಾಲದಲ್ಲಿ ಮೈಲಾರದ ಹೊಳೆ ದಂಡೆಯಲ್ಲಿ ಕ್ಯಾಂಪ್ ಹಾಕಿದರು. ಕ್ಯಾಂಪ್ ಮುಗಿಸಿ ಅಪ್ಪ ಮತ್ತು ಅಣ್ಣ ಮನೆಗೆ ಬಂದ ಸಂಜೆ ನನಗೆ ಚೆನ್ನಾಗಿ ನೆನಪಿದೆ. ಅಪ್ಪ ಊಟಕ್ಕೆ ಸೀಟಿ ಊದಲಿಲ್ಲ. ಅಡುಗೆಮನೆಗೇ ಬಂದು, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ರೊಟ್ಟಿ ಬಡಿಯುತ್ತಿದ್ದ ಅವ್ವನಿಗೆ ಹೇಳಿದ:

"ನಿನ್ನ ಮಗ ಒಂದು ಜೀವ ಉಳಿಸ್ಯಾನ. ವೀರೇಶ ಅಂತ ಸಣ್ಣ ಹುಡುಗ ಅದಾನಲ್ಲ ಇವನ ದಳದಾಗ, ಯಾರ್ನೂ ಕೇಳ್ದ ಹೊಳಿಗೆ ಇಳದಾನ. ಅಲ್ಲಿ ಉಸುಕು ತಗದು ಗುಂಡಿ ಬಿದ್ದಾವು, ಮ್ಯಾಲ ನೋಡಿದ್ರ ತಿಳಿಯಂಗಿಲ್ಲ. ನಾನು ದೂರ ದಂಡಿ ಮ್ಯಾಲಿದ್ದೆ, ಹುಡುಗ ಮುಳುಗಿದ್ದು ಕಂಡ್ತು. ನಾನು ಓಡಿ ಬರೋದ್ರಾಗ ಇವ ಕುತ್ತಿಗಿಮಟ ನೀರಿಗೆ ಹೋಗಿ ಎಳಕೊಂಡು ಬಂದಿದ್ದ. ದಂಡಿಗೆ ತಂದು ಆ ಹುಡುಗನ ಕಪಾಳಕ್ಕ ಹೊಡದ. ಅಷ್ಟೊತ್ತಿಗೆ ಉಳಿದ ಹುಡುಗರು ಅಡಿಗಿ ಬಿಟ್ಟು ಬಂದ್ರು, ಅವರು ನೋಡಿದ್ದು ಹೊಡದಿದ್ದೊಂದ."

ಅವ್ವ ಹಿಟ್ಟಿನ ಕೈಯಲ್ಲೇ ಎದ್ದು ಉಪ್ಪು, ಒಣಮೆಣಸಿನಕಾಯಿ ಹಿಡಿದು ಅಣ್ಣನನ್ನು ಬಾಗಿಲ ಎದುರು ನಿಲ್ಲಿಸಿ ದೃಷ್ಟಿ ತೆಗೆದಳು. ಮೆಣಸಿನಕಾಯಿ ಒಲೆಗೆ ಹಾಕಿದಾಗ ಒಂದಿಷ್ಟೂ ಘಾಟು ಬರಲಿಲ್ಲ. 'ಎಷ್ಟು ಕಣ್ಣು ಬಿದ್ದಿದ್ವೋ ನನ್ನ ಮಗನ ಮ್ಯಾಲ' ಅಂತ ಅವನ ಕೆನ್ನೆಗೆಲ್ಲ ಹಿಟ್ಟು ಹಚ್ಚಿದಳು. ಅಣ್ಣ ನಾಚಿಕೊಂಡು ನಿಂತಿದ್ದ. ಅಪ್ಪ ಅವನ ತಟ್ಟೆಗೆ ತಾನೇ ಬೆಣ್ಣೆ ಹಾಕಿದ. ನಮ್ಮ ಮನೆಯಲ್ಲಿ ಅಂಥ ಊಟ ಮತ್ತೆ ಆಗಲಿಲ್ಲ.

ಶುಕ್ರವಾರ ಗೊತ್ತಾಯಿತು, ಶನಿವಾರದ ಕೋರ್ಟು ಅಣ್ಣನದೇ ಅಂತ. ದಳನಾಯಕ ತನ್ನ ದಳದ ಹುಡುಗನ ಮೇಲೆ ಕೈ ಮಾಡಿದ್ದಾನೆ ಅಂತ ಬೇರೆ ದಳದವರು ದೂರು ಕೊಟ್ಟಿದ್ದರು. ದೂರು ಬಂದ ಮೇಲೆ ಕೋರ್ಟು ಆಗಲೇಬೇಕು. ಹೊಡೆದದ್ದಂತೂ ನಿಜ, ಎಲ್ಲರೂ ನೋಡಿದ್ದರು. ಯಾಕೆ ಹೊಡೆದ ಎಂಬುದನ್ನು ನೋಡಿದವರು ಮೂವರೇ: ಹೊಡೆದವನು, ಹೊಡೆಸಿಕೊಂಡವನು, ಮತ್ತೆ ಅಪ್ಪ. ವೀರೇಶ ಆಗಲೇ, ನಾನು ದಂಡೆಯಲ್ಲಿ ಕಾಲು ತೊಳೆಯುತ್ತಿದ್ದೆ, ಸುಮ್ಮಸುಮ್ಮನೆ ನೀರಿಗೆ ಕೆಡವಿ ಹೊಡೆದ ಅಂತ ಹೇಳಿಕೊಂಡು ತಿರುಗುತ್ತಿದ್ದ. ಅವನನ್ನು ನಾನು ಬೈಯುವುದಿಲ್ಲ. ಸೀಟಿ ಇಲ್ಲದೆ ಹೊಳೆಗೆ ಇಳಿಯುವುದು ಕ್ಯಾಂಪಿನಲ್ಲಿ ಎಲ್ಲಕ್ಕಿಂತ ದೊಡ್ಡ ತಪ್ಪು. ನಮ್ಮ ಹಿತ್ತಲಲ್ಲಿ ತಟ್ಟೆ ತೊಳೆಯುವ ಹೆದರಿಕೆಯಿಂದ ಹುಡುಗ ಸುಳ್ಳು ಹೇಳಿದ. ಆ ಹೆದರಿಕೆಯನ್ನು ಹುಟ್ಟಿಸಿದ್ದು ನಮ್ಮ ಮನೆಯೇ. ಅವತ್ತು ಅವ್ವ ಅಪ್ಪನ ಎದುರು ಬಾಗಿಲಿಗೆ ಅಡ್ಡ ನಿಂತು ಕೇಳಿದಳು:

"ನೀವು ನೋಡಿದ್ದನ್ನ ನಾಳಿ ಹೇಳ್ತೀರಲ್ಲ?"

"ಕೋರ್ಟಿನ್ಯಾಗ ನಾನು ಮಾತಾಡಂಗಿಲ್ಲ. ನಿನಗ ಗೊತ್ತೈತಿ."

"ಕೋರ್ಟು ಸುಡ್ಲಿ. ಶುರುವಾಗೋಕ ಮೊದ್ಲ ಹೇಳ್ರಿ."

"ಮಗನ ಪರವಾಗಿ ಮೊದ್ಲ ಕಿವಿ ಊದಿದ ಅಂತಾರ. ಯಾರ ಮಕ್ಕಳಿಗೂ ನಾನು ಹಂಗ ಮಾಡಿಲ್ಲ. ಆ ವೀರೇಶ ಸ್ಕೌಟ್ ಅದಾನ, ಎಲ್ಲಾರ ಮುಂದ ನಿಂತ್ರ ಖರೇ ಹೇಳೇ ಹೇಳ್ತಾನ. ನೋಡ್ತಿರು ನೀ."

ಅಪ್ಪ ಅದನ್ನು ನಂಬಿದ್ದ. ಅದಕ್ಕೇ ನನಗೆ ಅವನ ಮೇಲೆ ಹೆಚ್ಚು ಸಿಟ್ಟು. ಕೆಟ್ಟವನಾಗಿದ್ದರೆ ಒಂದು ದಾರಿ ಇರುತ್ತಿತ್ತು.

ಶನಿವಾರ ಅಣ್ಣ ಸ್ಕಾರ್ಫನ್ನು ಇಸ್ತ್ರಿ ಮಾಡಿಕೊಂಡು ಕಟ್ಟಿಕೊಂಡಿದ್ದ. ಗೂಟಕ್ಕೆ ಹಾಕುವಾಗಲೂ ಅದನ್ನು ಮಡಿಕೆ ಮುರಿಯದ ಹಾಗೆ ಹಾಕಿದ. ಅವತ್ತಿನ ದೊಡ್ಡ ನ್ಯಾಯಾಧೀಶ ಕೊಟ್ರೇಶ. ನಮ್ಮೂರಲ್ಲಿ ಯಾರನ್ನು ಕೂಗಿದರೂ ಇಬ್ಬರು ಕೊಟ್ರೇಶರು ತಿರುಗಿ ನೋಡುತ್ತಾರೆ. ಇವನು ನವಿಲು ದಳದವನು, ಅಣ್ಣನ ಗೆಳೆಯ, ನಮ್ಮ ಮನೆಯ ರೊಟ್ಟಿ ತಿಂದೇ ಬೆಳೆದವನು. ನಾನು ನಡುಮನೆಯ ಬಾಗಿಲಲ್ಲಿ ಅವ್ವನ ಸೀರೆ ಹಿಡಿದು ನಿಂತಿದ್ದೆ. ವೀರೇಶ ತಲೆ ಬಗ್ಗಿಸಿ ಕಾಲು ತೊಳೆದ ಕತೆಯನ್ನೇ ಹೇಳಿದ. ಅಪ್ಪ ಕುರ್ಚಿಯಲ್ಲಿ ಸ್ವಲ್ಪ ಮುಂದೆ ಬಾಗಿದ್ದನ್ನು, ಮತ್ತೆ ಹಿಂದೆ ಒರಗಿದ್ದನ್ನು ನಾನು ಕಂಡೆ.

"ಹೊಡದಿ?" ಕೊಟ್ರೇಶ ಕೇಳಿದ.

"ಹೊಡದೆ. ನೀರಾಗ ಮುಳುಗಿದ್ದ. ಎಳಕೊಂಡು ಬಂದೆ, ನನಗ ಜೀವಾನ ಹೋದಂಗಾಗಿತ್ತು, ಹೊಡದೆ," ಅಂದ ಅಣ್ಣ.

"ಮುಳುಗಿದ್ದು ಯಾರು ನೋಡ್ಯಾರ?"

"ನೋಡಿದೋರು ಇಲ್ಲೇ ಅದಾರ."

"ಯಾರು?"

"ಅವರ ಹೇಳ್ಲಿ."

ಯಾರೂ ಕುರ್ಚಿಯ ಕಡೆ ನೋಡಲಿಲ್ಲ, ನೋಡಬಾರದು ಅಂತ ಎಲ್ಲರೂ ಜಮಖಾನವನ್ನು ನೋಡಿದರು. ಅಪ್ಪನ ದವಡೆ ಆಡುತ್ತಿತ್ತು, ಬಾಯಿ ಬಿಚ್ಚಲಿಲ್ಲ. ಆಗ ಅವ್ವ ನನ್ನ ಕೈ ಬಿಡಿಸಿಕೊಂಡು ಅಡುಗೆಮನೆಗೆ ಹೋದಳು. ಒಂದು ತಟ್ಟೆ ತುಂಬ ಒಗ್ಗರಣೆ, ಮೇಲೆ ಎರಡು ಮಿರ್ಚಿ ಇಟ್ಟುಕೊಂಡು ಬಂದು, ತೀರ್ಪಿಗೂ ಮೊದಲೇ, ನ್ಯಾಯಾಧೀಶರನ್ನು ದಾಟಿ ಹೋಗಿ ಅಣ್ಣನ ಕೈಗೆ ಕೊಟ್ಟಳು.

"ತಿನ್ನಪ್ಪಾ. ಹುಡುಗನ್ನ ಇವ ಉಳಿಸ್ಯಾನ, ಇವರ ಬಂದು ಒಲಿ ಮುಂದ ಕುಂತು ನನಗ ಹೇಳ್ಯಾರ. ನಾನು ಸಾಕ್ಷಿ."

ಕೊಟ್ರೇಶ ಗಾಬರಿಯಾಗಿ, ಅಳು ಬಂದವನ ಹಾಗೆ ಹೇಳಿದ:

"ಅಮ್ಮಾರ, ನೀವು ಕ್ಯಾಂಪಿನ್ಯಾಗ ಇರ್ಲಿಲ್ಲಲ್ರಿ."

ಅಪ್ಪ ಬಾಯಿ ತೆರೆದ. ಕೋರ್ಟು ನಡೆಯುತ್ತಿರುವಾಗ ಅವನು ಬಾಯಿ ತೆರೆದದ್ದು ಅದೊಂದೇ ಸಲ.

"ಅದನ್ನ ಒಳಗ ಒಯ್ಯಿ," ಅಂದ, ಅವ್ವನಿಗೆ.

ಹುಡುಗರು ಅಲ್ಲೇ ತಲೆಗೆ ತಲೆ ಕೊಟ್ಟು ಮಾತಾಡಿದರು. ಮೂರು ತಿಂಗಳು ಸ್ಕಾರ್ಫು ಗೂಟಕ್ಕೇ, ರಾಜ್ಯ ಪುರಸ್ಕಾರಕ್ಕೆ ಮಹಾಂತೇಶನ ಬದಲು ಬೇರೆಯವನು. ಕೊಟ್ರೇಶ ದೊಡ್ಡವನಾದ ಮೇಲೆ ನನಗೆ ಹೇಳಿದ: 'ನಮಗ ಬಿಡೋ ಮನಸಿತ್ತು ತಂಗೀ. ಆದ್ರ ಸರ್ ಖರೇ ಮುಚ್ಚಿಡೋ ಮನುಷ್ಯ ಅಲ್ಲ. ಅವರು ನೋಡಿದ್ರ ಹೇಳ್ತಿದ್ರು. ಹೇಳ್ಲಿಲ್ಲ ಅಂದ್ಮ್ಯಾಲ ಮಾಂತೇಶ ಸುಳ್ಳು ಹೇಳ್ಯಾನ ಅಂತಲೇ ತಿಳಕೊಂಡ್ವಿ. ಅಮ್ಮಾರದು ತಾಯಿ ಕರುಳು ಅಂದ್ಕೊಂಡ್ವಿ.' ಅಪ್ಪನ ಸತ್ಯದ ಹೆಸರೇ ಅಣ್ಣನ ಕುತ್ತಿಗೆಗೆ ಬಂತು. ತೀರ್ಪು ಕೇಳಿ ಅಪ್ಪ 'ಆಯ್ತು' ಅಂದ. ಅಣ್ಣ ಕೈಯಲ್ಲಿದ್ದ ತಟ್ಟೆಯನ್ನು ಅವ್ವನಿಗೆ ಕೊಟ್ಟು, ಒಳಗೆ ಬಂದು, ಉಳಿದ ತಟ್ಟೆಗಳನ್ನು ಒಯ್ದು ಒಬ್ಬೊಬ್ಬರಿಗೂ ಕೊಟ್ಟ. ವೀರೇಶನಿಗೂ ಕೊಟ್ಟ. ಯಾರಿಗೂ ತಿನ್ನಲಾಗಲಿಲ್ಲ. ಆಮೇಲೆ ಹಿತ್ತಲಲ್ಲಿ ಕೂತು ತಟ್ಟೆ ತೊಳೆದ. ಅವ್ವ ಪಕ್ಕದಲ್ಲಿ ಕೂತಳು, ತೊಳೆಯಲು ಕೈ ಹಾಕಿದರೆ ಬಿಡಲಿಲ್ಲ.

ಹುಡುಗರು ಹೋದ ಮೇಲೆ ಅವ್ವ ಡೇರೆಯ ಬಟ್ಟೆಗಳನ್ನು ಒಂದೊಂದಾಗಿ ಎಳೆದು ಅಂಗಳಕ್ಕೆ ಎಸೆದಳು. ಡ್ರಮ್ಮು ಉರುಳಿ ಗಟಾರಕ್ಕೆ ಬಿತ್ತು. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು.

"ಒಂದು ಮಾತಿಗೆ ನಿಮಗ ನಾಲಿಗಿ ಬರ್ಲಿಲ್ಲ. ಹೌದು, ನಾ ನೋಡೇನಿ ಅಂದಿದ್ರ ಏನು ಗಂಟು ಹೋಗ್ತಿತ್ತು?"

"ಇವತ್ತು ನನ್ನ ಮಗನ ಸಲುವಾಗಿ ಬಾಯಿ ಬಿಟ್ರ, ನಾಳಿ ಯಾವ ಮಗ ಆ ಗೂಟದ ಮುಂದ ಬಂದು ನಿಂದ್ರತಾನ? ಮೂರು ತಿಂಗಳು ಕಳೀಲಿ, ಸ್ಕಾರ್ಫು ತಿರುಗಿ ಸಿಗ್ತೈತಿ."

"ಸ್ಕಾರ್ಫು ಸಿಗ್ತೈತಿ. ಮಗ ಸಿಗ್ತಾನೇನು?"

ಅಣ್ಣ ಜಗಳ ಕೇಳಿಸಿಕೊಳ್ಳುತ್ತ ಕಟ್ಟೆಯ ಮೇಲೆ ಕೂತಿದ್ದ. ಶಾಲೆಯ ವಾರ್ಷಿಕ ಪರೀಕ್ಷೆ ಮುಗಿಸಿದವನೇ ಇಟ್ಟಿಗಿಗೆ ಸೋದರಮಾವನ ಮನೆಗೆ ಹೋದ, ಮುಂದಿನ ವರ್ಷದಿಂದ ಹಡಗಲಿಯಲ್ಲಿ ಓದಿದ. ಹಬ್ಬಕ್ಕೆ ಬರುತ್ತಿದ್ದ, ನೆಂಟರ ಹಾಗೆ. ಅಪ್ಪ ಮಾತಾಡಿಸಿದರೆ ಕೇಳಿದಷ್ಟಕ್ಕೆ ಉತ್ತರ. ಆದರೂ ಬರುವುದನ್ನು ಬಿಡಲಿಲ್ಲ. ಯಾಕೆ ಬರುತ್ತಿದ್ದ ಅಂತ ನನಗೂ ಅವ್ವನಿಗೂ ಗೊತ್ತಿತ್ತು. ಒಂದಲ್ಲ ಒಂದು ದಿನ ಅಪ್ಪ ಆ ಮಾತನ್ನು ಹೇಳಿಯಾನು, ಕೋರ್ಟಿನಲ್ಲಿ ಬೇಡ, ಊಟಕ್ಕೆ ಕೂತಾಗಲೇ ಆಗಲಿ, ಅಂತ ಅವನು ಕಾಯುತ್ತಿದ್ದ. ಅಪ್ಪ ಮಾತ್ರ ಮಳೆ, ಬಸ್ಸು, ಜೋಳದ ಬೆಳೆ ಅಂತ ಮಾತಾಡುತ್ತಿದ್ದ. ಅಷ್ಟರಲ್ಲಿ ಊರಿಗೆ ಒಂದು ಕತೆ ಸಿಕ್ಕಿತ್ತು. ಸ್ವಂತ ಮಗನನ್ನೂ ಬಿಡದ ಸರ್ ಅಂತ ಹರಪನಹಳ್ಳಿಯವರೆಗೂ ಅಪ್ಪನ ಹೆಸರು ಹೋಯಿತು. ಕತೆ ಕೇಳಿದವರು ಮನೆಗೆ ಬಂದು ಅದನ್ನು ಅಪ್ಪನಿಗೇ ಮತ್ತೆ ಹೇಳಿ ಕೈ ಮುಗಿಯುವರು. ಮೊದಮೊದಲು ಅಪ್ಪ ಮುಜುಗರದಿಂದ ಎದ್ದು ಒಳಗೆ ಹೋಗುತ್ತಿದ್ದ. ಆಮೇಲೆ ಕೂತು ಕೇಳತೊಡಗಿದ. ಇನ್ನೂ ಕೆಲ ವರ್ಷಕ್ಕೆ, ಹೇಳುವವರು ಯಾವುದಾದರೂ ಬಿಟ್ಟರೆ ತಾನೇ ಸೇರಿಸುತ್ತಿದ್ದ.

ಅವನು ನಿವೃತ್ತನಾದಾಗ ಹಳೆಯ ಶಿಷ್ಯರು ಶಾಲೆಯ ಬಯಲಲ್ಲಿ ಶಾಮಿಯಾನ ಹಾಕಿ ಸನ್ಮಾನ ಇಟ್ಟುಕೊಂಡರು. ಅಣ್ಣ ಹಡಗಲಿಯಲ್ಲಿ ಪಂಪ್‌ಸೆಟ್ ಮೋಟಾರು ಕಟ್ಟುವ ಅಂಗಡಿ ಇಟ್ಟಿದ್ದ, ಅದನ್ನು ಮುಚ್ಚಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ. ಕೊಟ್ರೇಶ ಮೈಕಿನ ಮುಂದೆ ಆ ಶನಿವಾರದ ಕತೆಯನ್ನು ಹೇಳಿ, 'ಆ ಮಗ ಇವತ್ತು ಇಲ್ಲೇ ಅದಾನ' ಅಂತ ಅವನನ್ನು ಎಬ್ಬಿಸಿ ನಿಲ್ಲಿಸಿದ. ಜನ ಚಪ್ಪಾಳೆ ತಟ್ಟಿದರು. ಅಪ್ಪ ಮೈಕು ಹಿಡಿದ. ಅವ್ವ ನನ್ನ ಮೊಣಕೈ ಹಿಡಿದದ್ದು ಈಗಲೂ ನೋಯುತ್ತದೆ. ಈಗ ಹೇಳುತ್ತಾನೆ ಅಂತ ನಾವು ಮೂವರೂ ಅಂದುಕೊಂಡೆವು. ಅಪ್ಪ ಅಂದ:

"ನನ್ನ ಮಗ ತಪ್ಪು ಮಾಡಿದ್ದ. ಶಿಕ್ಷೆ ಅನುಭವಿಸಿದ. ತಿದ್ದಿಕೊಂಡ. ತಂದೆಗೆ ಇದಕ್ಕಿಂತ ಹೆಮ್ಮೆ ಯಾವುದು?"

ಮನೆಗೆ ಬಂದು ಹೋಳಿಗೆ ಊಟಕ್ಕೆ ಕೂತೆವು. ಅಪ್ಪ ಹಾರದ ಹೂವಿನ ಎಸಳು ಮೈಮೇಲೆ ಹಾಗೇ ಇಟ್ಟುಕೊಂಡು ಖುಷಿಯಲ್ಲಿದ್ದ. ಅವ್ವ ತುಪ್ಪದ ಗಿಂಡಿ ಕೆಳಗಿಟ್ಟು ಅವನ ಎದುರು ಕೂತಳು. ದನಿ ಏರಿಸಲಿಲ್ಲ.

"ಮೈಲಾರದ ಹೊಳಿಯಾಗ ಅವತ್ತು ನೀವು ಏನು ನೋಡಿದ್ರಿ?"

"ಏನು ನೋಡೋದು? ಆ ಹುಡುಗ ಅಳಕೋತ ನಿಂತಿದ್ದ. ಇವ ಹೊಡದಿದ್ದ."

"ಅದಕ್ಕೂ ಮೊದ್ಲು?"

ಅಪ್ಪ ತುತ್ತು ಹಿಡಿದ ಕೈಯನ್ನು ನಿಲ್ಲಿಸಿ ಯೋಚಿಸಿದ. ಅವನು ಏನನ್ನೋ ಮುಚ್ಚುವಾಗ ದವಡೆ ಆಡುವುದು ನನಗೆ ಗೊತ್ತು. ಅದು ಆಡಲಿಲ್ಲ. ನಿಜವಾಗಿಯೂ ಹುಡುಕಿದ, ಸಿಗಲಿಲ್ಲ.

"ಅದಕ್ಕೂ ಮೊದ್ಲು ಏನಿತ್ತು?" ಅಂತ ನಮ್ಮನ್ನೇ ಕೇಳಿದ.

ಇಷ್ಟು ವರ್ಷ ಯಾರ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆವೋ ಆ ಮನುಷ್ಯ ಅಲ್ಲಿ ಕೂತಿರಲಿಲ್ಲ. ಅಣ್ಣ ಅವನ ಮುಖವನ್ನು ಒಮ್ಮೆ ನೋಡಿ, 'ಏನಿಲ್ಲ ಬಿಡಪ್ಪ, ಊಟ ಮಾಡು' ಅಂದು ಕೈ ತೊಳೆಯಲು ಹಿತ್ತಲಿಗೆ ಹೋದ. ಆ ಹೊಳೆಯಲ್ಲಿ ನಡೆದದ್ದನ್ನು ಕಣ್ಣಾರೆ ಕಂಡವನು ಇನ್ನು ನಮ್ಮ ಮನೆಯಲ್ಲಿ ಅವನೊಬ್ಬನೇ.